ಖಾಲಿ ಮನೆಗೆ ಗ್ಯಾಸ್ ಯಾಕೆ ಅಂದುಕೊಂಡಿದ್ದೆವು: ಒಂದು ಸೆಕ್ಷನ್ 8 ಇನ್‌ಸ್ಪೆಕ್ಷನ್‌ನ ಪ್ರಕರಣ

ಸೆಕ್ಷನ್ 8 ಎಂಬ ಸರ್ಕಾರಿ ಬಾಡಿಗೆ ನೆರವು ಇದ್ದವರಿಗೆ ಮನೆ ಕೊಡುವ ಮೊದಲು ಅದು ಇನ್‌ಸ್ಪೆಕ್ಷನ್‌ನಲ್ಲಿ ಪಾಸಾಗಬೇಕು. ಅದಕ್ಕೆ ಬಂದ ಇನ್‌ಸ್ಪೆಕ್ಟರ್ ನಮ್ಮ ಬಾಡಿಗೆ ಮನೆಯಲ್ಲಿ ಇದ್ದದ್ದು ಹೆಚ್ಚೆಂದರೆ ಅರ್ಧ ಗಂಟೆ. ಹೊಸದಾಗಿ ಬಣ್ಣ ಹೊಡೆಸಿದ್ದ ಗೋಡೆಗಳನ್ನು ಅವರು ತಿರುಗಿಯೂ ನೋಡಲಿಲ್ಲ. ಕೈಯಲ್ಲಿ ಒಂದು ಟಾರ್ಚ್, ಸಾಕೆಟ್ಟಿಗೆ ಚುಚ್ಚಿ ನೋಡುವ ಒಂದು ಪುಟ್ಟ ಟೆಸ್ಟರ್, ಒಂದು ಟ್ಯಾಬ್ಲೆಟ್ ಇತ್ತು. ನೇರ ಅಡುಗೆಮನೆಗೆ ಹೋಗಿ ಒಲೆಯ ಗುಂಡಿ ತಿರುಗಿಸಿದರು. ಉರಿ ಬರಲಿಲ್ಲ. ಗ್ಯಾಸ್ ಇಲ್ಲವಾ ಎಂದು ಕೇಳಿದರು. ಇರಲಿಲ್ಲ. ಖಾಲಿ ಮನೆಗೆ ಸುಮ್ನೆ ಯಾಕೆ ಬಿಲ್ ಕಟ್ಟಬೇಕು ಎಂದು ಎರಡು ತಿಂಗಳ ಹಿಂದೆ ನಾವೇ ನಿಲ್ಲಿಸಿದ್ದೆವು.

ಅಲ್ಲಿಗೇ ಆ ದಿನದ ಫಲಿತಾಂಶ ಗೊತ್ತಾಗಿಹೋಯಿತು. ಒಲೆ ಹತ್ತದಿದ್ದರೆ ಒಲೆ ಪಾಸಾಗುವುದಿಲ್ಲ. ಮನೆ ಬಿಸಿ ಮಾಡುವ ಫರ್ನೇಸೂ ಗ್ಯಾಸಿನದು, ವಾಟರ್ ಹೀಟರೂ ಗ್ಯಾಸಿನದು. ಮೂರನ್ನೂ ಪರೀಕ್ಷೆ ಮಾಡಲು ಆಗಲಿಲ್ಲ. ಆದರೂ ಅವರು ಉಳಿದ ಮನೆಯನ್ನೆಲ್ಲ ನೋಡಿ ಪಟ್ಟಿ ಬರೆದುಕೊಂಡು ಹೋದರು. ಆ ಪಟ್ಟಿಯಲ್ಲಿ ಏನೇನಿತ್ತು, ಅದನ್ನು ಸರಿಮಾಡಲು ಎಷ್ಟು ದಿನ ಹಿಡಿಯಿತು, ಆ ದಿನಗಳು ಯಾರ ಲೆಕ್ಕಕ್ಕೆ ಹೋದವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಒಂದೋ ಎರಡೋ ಬಾಡಿಗೆ ಮನೆ ಇಟ್ಟುಕೊಂಡಿರುವ ಕನ್ನಡದವರು ಈಗ ಸಾಕಷ್ಟು ಜನ ಇದ್ದಾರೆ. ಅವರಿಗೆ ಇದು ಮೊದಲೇ ಗೊತ್ತಿರಲಿ ಎಂಬುದು ನನ್ನ ಆಸೆ.

ಮನೆ ಮತ್ತು ಮನೆಗೆ ಬರಬೇಕಿದ್ದವರು

ನಾವಿರುವುದು ಇಲಿನಾಯ್ ರಾಜ್ಯದಲ್ಲಿ, ಶಿಕಾಗೋದಿಂದ ಪಶ್ಚಿಮಕ್ಕೆ. ಬಾಡಿಗೆ ಮನೆ 1952ರಲ್ಲಿ ಕಟ್ಟಿದ್ದು. ಒಂದೇ ಅಂತಸ್ತು, ಕೆಳಗೆ ಬೇಸ್‌ಮೆಂಟ್. ಮೇಲೆ ಮೂರು ಮಲಗುವ ಕೋಣೆ. ಬೇಸ್‌ಮೆಂಟಿನಲ್ಲಿ ಹಿಂದಿನ ಮಾಲೀಕರು ಕಾರ್ಪೆಟ್ ಹಾಕಿ ಇನ್ನೊಂದು ಕೋಣೆ ಮಾಡಿದ್ದರು. ಅದನ್ನೂ ಸೇರಿಸಿ ನಾವು ನಾಲ್ಕು ಕೋಣೆಯ ಮನೆ ಎಂದು ಜಾಹೀರಾತು ಕೊಟ್ಟಿದ್ದೆವು.

2025ರ ಬೇಸಿಗೆಯಲ್ಲಿ ಒಬ್ಬ ಹೆಣ್ಣುಮಗಳು ಮನೆ ನೋಡಲು ಬಂದರು. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆರೈಕೆ ಕೇಂದ್ರದಲ್ಲಿ ಕೆಲಸ. ಹನ್ನೊಂದು ವರ್ಷದ ಮಗ, ನಾಲ್ಕು ವರ್ಷದ ಮಗಳು. ಅವರ ಹತ್ತಿರ ಸೆಕ್ಷನ್ 8 ವೌಚರ್ ಇತ್ತು.

ಇದರ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕಡಿಮೆ ಆದಾಯದವರ ಬಾಡಿಗೆಗೆ ಸರ್ಕಾರ ನೆರವು ಕೊಡುವ, 1974ರ ಒಂದು ಕಾಯ್ದೆಯಿಂದ ಬೆಳೆದು ಬಂದ ಯೋಜನೆ ಇದು. ದುಡ್ಡು ಕೇಂದ್ರ ಸರ್ಕಾರದ ವಸತಿ ಇಲಾಖೆಯದು. ಇಲ್ಲಿನವರು ಆ ಇಲಾಖೆಯನ್ನು ಹಡ್ ಎನ್ನುತ್ತಾರೆ. ನಡೆಸುವುದು ಆಯಾ ಊರಿನ ಅಥವಾ ಕೌಂಟಿಯ ಹೌಸಿಂಗ್ ಅಥಾರಿಟಿ. ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಕುಟುಂಬಗಳು ಈ ವೌಚರಿನಿಂದ ಮನೆ ಮಾಡಿಕೊಂಡಿವೆ. ಬಾಡಿಗೆದಾರರು ಸಾಮಾನ್ಯವಾಗಿ ತಮ್ಮ ಆದಾಯದ ಸುಮಾರು ಶೇಕಡಾ 30 ಕೊಡುತ್ತಾರೆ. ಕೆಲವು ಕಡಿತ ಕಳೆದು ತಿಂಗಳ ಆದಾಯ 2,000 ಡಾಲರ್ ಎಂದಾದರೆ ಅವರ ಪಾಲು ಸುಮಾರು 600 ಡಾಲರ್. ಉಳಿದದ್ದನ್ನು, ಒಂದು ಮಿತಿಯವರೆಗೆ, ಅಥಾರಿಟಿ ನೇರವಾಗಿ ಮನೆ ಮಾಲೀಕರಿಗೆ ಕೊಡುತ್ತದೆ. ಆದರೆ ಮನೆ ಇನ್‌ಸ್ಪೆಕ್ಷನ್‌ನಲ್ಲಿ ಪಾಸಾಗುವವರೆಗೆ ಸಾಮಾನ್ಯವಾಗಿ ಒಂದು ಡಾಲರ್ ಕೂಡ ಬರುವುದಿಲ್ಲ.

ನಮ್ಮ ಕನ್ನಡ ಕೂಟದ ಗೆಳೆಯರಲ್ಲಿ ಕೆಲವರು "ಸೆಕ್ಷನ್ 8 ಅಂದ್ರೆ ಬೇಡಪ್ಪ, ತಲೆನೋವು" ಎಂದರು. ಇದನ್ನು ಕೇಳಿ ನನಗೆ ಬೇಜಾರಾಯಿತು. ಇಲಿನಾಯ್‌ನಲ್ಲಿ 2023ರ ಜನವರಿ 1ರಿಂದ ವೌಚರ್ ಇದೆ ಎಂಬ ಕಾರಣಕ್ಕೆ ಒಬ್ಬರಿಗೆ ಮನೆ ಇಲ್ಲ ಎನ್ನುವುದು ಕಾನೂನಿನ ಪ್ರಕಾರವೇ ತಪ್ಪು. ಕಾನೂನು ಹಾಗಿರಲಿ. ನಾವು ಮೊದಲು ಬಂದಾಗ ಕ್ರೆಡಿಟ್ ಹಿಸ್ಟರಿ ಇಲ್ಲ ಎಂದು ಎಷ್ಟು ಜನ ನಮಗೆ ಬಾಗಿಲು ಹಾಕಿದ್ದರು ಅಲ್ವಾ? ಅದನ್ನು ನೆನೆಸಿಕೊಂಡರೆ ಸಾಕು.

ಅಥಾರಿಟಿಗೆ ಕೊಡುವ ಅರ್ಜಿಯನ್ನು ಆಕೆಯೂ ನಾವೂ ಸೇರಿ ತುಂಬಿದೆವು. ಮನೆ ಯಾವ ವರ್ಷ ಕಟ್ಟಿದ್ದು, ಬಾಡಿಗೆ ಎಷ್ಟು, ಕರೆಂಟು, ಗ್ಯಾಸು, ನೀರಿನ ಬಿಲ್ ಯಾರ ಲೆಕ್ಕಕ್ಕೆ, ಇದೆಲ್ಲ ಅದರಲ್ಲಿ ಇರುತ್ತದೆ. ಜೂನ್ 24ಕ್ಕೆ ಇನ್‌ಸ್ಪೆಕ್ಷನ್ ಗೊತ್ತಾಯಿತು. ಆಕೆಯ ಹಳೆ ಮನೆಯ ಕರಾರು ಜೂನ್ 30ಕ್ಕೆ ಮುಗಿಯುತ್ತಿತ್ತು. ಜುಲೈ 1ಕ್ಕೆ ಇಲ್ಲಿಗೆ ಬರುವುದು ಎಂದು ಮಾತಾಗಿತ್ತು.

ನಾವು ಮಾಡಿದ ತಯಾರಿ

ಬಣ್ಣ ಹೊಡೆಸಿದೆವು. ಕಾರ್ಪೆಟ್ ತೊಳೆಸಿದೆವು. ಅಡುಗೆಮನೆಯ ಕಪಾಟುಗಳಿಗೆ ಹೊಸ ಹಿಡಿ ಹಾಕಿಸಿದೆವು. ಅಂಗಳದ ಹುಲ್ಲು ಕತ್ತರಿಸಿ, ಬಾಗಿಲ ಪಕ್ಕ ಎರಡು ಹೂವಿನ ಕುಂಡ ಇಟ್ಟೆವು. ಇಷ್ಟಕ್ಕೆ ನಾಲ್ಕು ವಾರಾಂತ್ಯ ಹೋಯಿತು. ಇದರಲ್ಲಿ ಒಂದೂ ಇನ್‌ಸ್ಪೆಕ್ಷನ್ ಪಟ್ಟಿಯಲ್ಲಿ ಇರಲಿಲ್ಲ.

ಫೇಲಾದ ದಿನ ಸಂಜೆ ದಾವಣಗೆರೆ ಕಡೆಯ ಒಬ್ಬ ಹಿರಿಯರಿಗೆ ಫೋನ್ ಮಾಡಿದೆ. ನಾವೆಲ್ಲ ಅವರನ್ನು ಅಂಕಲ್ ಎನ್ನುತ್ತೇವೆ. ಇಲ್ಲಿ ಇಪ್ಪತ್ತು ವರ್ಷದಿಂದ ಬಾಡಿಗೆ ಮನೆ ನಡೆಸಿದವರು. ಮರುದಿನ ಬೆಳಿಗ್ಗೆಯೇ ಬಂದು ಮನೆಯೆಲ್ಲ ಸುತ್ತಿದರು.

"ನೋಡಮ್ಮ, ನೀನು ಮದುವೆ ಮನೆ ರೆಡಿ ಮಾಡಿದ ಹಾಗೆ ಮಾಡಿದ್ದೀಯ. ಚೆನ್ನಾಗಿದೆ. ಆದ್ರೆ ಅವರು ಕೇಳೋದು ಬೇರೆ. ರಾತ್ರಿ ಎರಡು ಗಂಟೆಗೆ ಬೆಂಕಿ ಬಿದ್ರೆ ಈ ಮಕ್ಕಳು ಎಲ್ಲಿಂದ ಆಚೆ ಬರ್ತಾರೆ? ಅದನ್ನ ಕೇಳ್ಕೊಂಡು ಮನೆ ಸುತ್ತು. ಆಗ ಕಾಣುತ್ತೆ."

ನಾನು ಆ ಪ್ರಶ್ನೆ ಇಟ್ಟುಕೊಂಡು ಮತ್ತೊಮ್ಮೆ ಸುತ್ತಿದೆ. ನಿಜವಾಗಿಯೂ ಬೇರೆಯದೇ ಮನೆ ಕಂಡಿತು.

ತೆರೆಯದ ಕಿಟಕಿ

ಈ ಮನೆಯ ಕಿಟಕಿಗಳು ಮೇಲಕ್ಕೆ ಎತ್ತಿ ತೆರೆಯುವಂಥವು. ಆಕೆಯ ಮಗಳಿಗೆ ಎಂದುಕೊಂಡಿದ್ದ ಕೋಣೆಯ ಕಿಟಕಿ ಏಳುತ್ತಿರಲಿಲ್ಲ. ವರ್ಷಗಟ್ಟಲೆ ಒಂದರ ಮೇಲೊಂದು ಬಣ್ಣ ಬಳಿದು ಬಳಿದು ಚೌಕಟ್ಟಿಗೆ ಅಂಟಿಕೊಂಡಿತ್ತು. ಪಕ್ಕದ ಕೋಣೆಯ ಕಿಟಕಿ ಏಳುತ್ತಿತ್ತು, ಆದರೆ ಚಿಲಕ ಮುರಿದಿತ್ತು. ಎರಡೂ ಫೇಲ್. ತೆರೆಯಲೆಂದು ಮಾಡಿದ ಕಿಟಕಿ ತೆರೆಯಬೇಕು. ಹೊರಗಿನಿಂದ ಕೈಗೆ ಸಿಗುವ ಕಿಟಕಿಗೆ ಚಿಲಕ ಬೀಳಬೇಕು.

ನಾನು ಬೆಳೆದದ್ದು ಬೆಂಗಳೂರಿನಲ್ಲಿ. ಅಲ್ಲಿ ಮನೆ ಕಟ್ಟಿಸಿದವರು ಕಿಟಕಿಗೆ ಕಬ್ಬಿಣದ ಗ್ರಿಲ್ ಹಾಕಿಸಿದ ಮೇಲೇ ನಿದ್ದೆ ಮಾಡುವುದು. ಕಿಟಕಿ ಎಂದರೆ ಕಳ್ಳ ಒಳಗೆ ಬರುವ ಜಾಗ ಎಂದೇ ನನ್ನ ತಲೆಯಲ್ಲಿ ಇತ್ತು. ಇಲ್ಲಿನ ಮನೆಗಳ ಒಳಗೆಲ್ಲ ಮರ. ಬೆಂಕಿ ಬಿದ್ದರೆ ಬೇಗ ಹಬ್ಬುತ್ತದೆ. ಹಾಗಾಗಿ ಇಲ್ಲಿ ಕಿಟಕಿ ಮಗು ಹೊರಗೆ ಹೋಗುವ ಎರಡನೇ ಬಾಗಿಲು. ಏಳದ ಕಿಟಕಿಯನ್ನು ನಾನು ಮೂರು ವರ್ಷದಿಂದ ನೋಡುತ್ತಿದ್ದೆ. ಒಮ್ಮೆಯೂ ಅದು ಅಪಾಯ ಎಂದು ಅನಿಸಿರಲಿಲ್ಲ.

ಬೇಸ್‌ಮೆಂಟಿನ ಕೋಣೆ ಇದೇ ಕಾರಣಕ್ಕೆ ಲೆಕ್ಕದಿಂದ ಬಿದ್ದುಹೋಯಿತು. ಅದರ ಕಿಟಕಿ ಗಾಜಿನ ಇಟ್ಟಿಗೆಯದು. ಬೆಳಕು ಬರುತ್ತದೆ, ಮನುಷ್ಯ ಹೊರಗೆ ಹೋಗಲು ಆಗುವುದಿಲ್ಲ. ಅದನ್ನು ಮಲಗುವ ಕೋಣೆ ಎಂದು ಬರೆಯುವುದಿಲ್ಲ ಎಂದು ಇನ್‌ಸ್ಪೆಕ್ಟರ್ ನೇರವಾಗಿ ಹೇಳಿದರು. ನಾಲ್ಕು ಕೋಣೆಯ ಮನೆ ಮೂರಾಯಿತು. ಬಾಡಿಗೆಯೂ ಇಳಿಯಿತು. ಅಥಾರಿಟಿಯವರು ನಾವು ಕೇಳಿದ ಬಾಡಿಗೆಯನ್ನು ಅದೇ ಪ್ರದೇಶದ, ಅದೇ ಅಳತೆಯ, ವೌಚರ್ ಇಲ್ಲದ ಮನೆಗಳ ಜೊತೆ ಹೋಲಿಸಿ ನೋಡುತ್ತಾರೆ. ಅದು ಸರಿಯಾದ ಕ್ರಮ ಎಂದೇ ನನ್ನ ಅಭಿಪ್ರಾಯ. ಆ ಕೋಣೆಯಲ್ಲಿ ಹನ್ನೊಂದು ವರ್ಷದ ಹುಡುಗ ಮಲಗಬೇಕಿತ್ತು. ಜಾಹೀರಾತಿನಲ್ಲಿ ನಾವು ಹಾಗೆ ಬರೆಯಲೇಬಾರದಿತ್ತು.

ಸೀಸದ ಬಣ್ಣ

ಪಟ್ಟಿಯಲ್ಲಿ ಜಾಸ್ತಿ ದಿನ ತಿಂದದ್ದು ಇದು. ಎಲ್ಲರೂ ಹೆಚ್ಚು ತಪ್ಪು ಮಾಡುವುದೂ ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಮೆರಿಕದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹಾಕುವುದನ್ನು 1978ರಲ್ಲಿ ನಿಷೇಧಿಸಿದರು. ಅದಕ್ಕೂ ಮೊದಲು ಕಟ್ಟಿದ ಮನೆಯಲ್ಲಿ ಆರು ವರ್ಷಕ್ಕಿಂತ ಚಿಕ್ಕ ಮಗು ಇರುವುದಾದರೆ ವೌಚರ್ ಇನ್‌ಸ್ಪೆಕ್ಷನ್‌ನಲ್ಲಿ ಬಣ್ಣವನ್ನು ಬೇರೆಯಾಗಿಯೇ ನೋಡುತ್ತಾರೆ. ಎದ್ದ, ಬಿರುಕು ಬಿಟ್ಟ, ಉದುರುತ್ತಿರುವ ಬಣ್ಣ ಎಲ್ಲಿದ್ದರೂ ಬರೆದುಕೊಳ್ಳುತ್ತಾರೆ. ನಮ್ಮ ಮನೆ 1952ರದ್ದು, ಮಗುವಿಗೆ ನಾಲ್ಕು ವರ್ಷ. ಗೋಡೆಗಳು ಹೊಸದಾಗಿ ಹೊಳೆಯುತ್ತಿದ್ದವು. ಆದರೆ ಎರಡು ಕಿಟಕಿಗಳ ಕೆಳಪಟ್ಟಿಯಲ್ಲಿ ಬಣ್ಣ ಮೀನಿನ ಪೊರೆಯ ಹಾಗೆ ಎದ್ದಿತ್ತು. ಹಿಂಬಾಗಿಲ ಪೋರ್ಚಿನ ಒಂದು ಕಂಬದಲ್ಲೂ ಅಷ್ಟೆ.

ಕಿಟಕಿಯೇ ಯಾಕೆ ಮುಖ್ಯ ಎಂದರೆ, ಏರಿಸಿ ಇಳಿಸುವಾಗ ಮರಕ್ಕೆ ಮರ ಉಜ್ಜಿ ಬಣ್ಣ ಪುಡಿಯಾಗುತ್ತದೆ. ಆ ಧೂಳು ಕೆಳಪಟ್ಟಿಯ ಮೇಲೆ, ನೆಲದ ಮೇಲೆ ಕೂರುತ್ತದೆ. ಮಗು ಕಿಟಕಿಗೆ ಕೈ ಊರಿ ಹೊರಗೆ ನೋಡುತ್ತದೆ, ಅದೇ ಕೈಯನ್ನು ಬಾಯಿಗೆ ಹಾಕುತ್ತದೆ. ಸೀಸ ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕೆಡಿಸುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ಇಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ.

ನನ್ನ ಗಂಡ ಆ ಸಂಜೆಯೇ ಉಜ್ಜುವ ಕಾಗದ ಮತ್ತು ಕೆರೆಯುವ ಬ್ಲೇಡ್ ತಂದಿದ್ದರು. ಎರಡು ಕಿಟಕಿ ತಾನೇ, ಶನಿವಾರ ಮುಗಿಸೋಣ ಎಂದು. ಅಂಕಲ್ ನೋಡಿದ ತಕ್ಷಣ ಅದನ್ನು ಪಕ್ಕಕ್ಕೆ ಇಡಿಸಿದರು. ಒಣಗಿದ ಹಳೆ ಬಣ್ಣವನ್ನು ಹಾಗೇ ಉಜ್ಜಿದರೆ ಕಿಟಕಿಯಲ್ಲಿ ಇದ್ದ ಸೀಸ ಇಡೀ ಮನೆಯ ಧೂಳಾಗುತ್ತದೆ. ನಮ್ಮದೇ ಮನೆ ಆದರೂ ಬಾಡಿಗೆಗೆ ಕೊಡುವ ಮನೆ. ಅಲ್ಲಿ ಇಂಥ ಕೆಲಸ ಮಾಡುವವರಿಗೆ ತರಬೇತಿ ಮತ್ತು ಪ್ರಮಾಣಪತ್ರ ಇರಬೇಕು. 2010ರ ಏಪ್ರಿಲ್‌ನಿಂದ ಕೇಂದ್ರದ ಪರಿಸರ ಇಲಾಖೆಯ ನಿಯಮ ಇದು.

ವೌಚರ್ ಮನೆಗೆ ಇನ್ನೂ ಬಿಗಿ ಅಳತೆ ಇದೆ. ಒಂದು ಕೋಣೆಯೊಳಗೆ 2 ಚದರ ಅಡಿಗಿಂತ ಹೆಚ್ಚು, ಹೊರಗೋಡೆಯಲ್ಲಿ 20 ಚದರ ಅಡಿಗಿಂತ ಹೆಚ್ಚು, ಅಥವಾ ಕಿಟಕಿಯ ಕೆಳಪಟ್ಟಿಯಂಥ ಚಿಕ್ಕ ಭಾಗದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಬಣ್ಣ ಕೆಟ್ಟಿದ್ದರೆ ಸೀಸದ ಎಚ್ಚರಿಕೆಯ ಕ್ರಮದಲ್ಲೇ ಕೆಲಸ ನಡೆಯಬೇಕು. ಕೆಲಸ ಮುಗಿದ ಮೇಲೆ ಧೂಳಿನ ಪರೀಕ್ಷೆಯೂ ಆಗಬೇಕು. ಕಿಟಕಿಯ ಕೆಳಪಟ್ಟಿ ಎಷ್ಟಿರುತ್ತೆ? ಅಂಗೈಯಗಲ ಬಣ್ಣ ಎದ್ದರೂ ಶೇಕಡಾ 10 ದಾಟಿಬಿಡುತ್ತದೆ. ನಮ್ಮದು ದಾಟಿತ್ತು.

ಪ್ರಮಾಣಪತ್ರ ಇದ್ದವರನ್ನು ಹುಡುಕಿ ದಿನ ಗೊತ್ತುಮಾಡಲು ನಾಲ್ಕು ದಿನ ಬೇಕಾಯಿತು. ಅವರು ಬಂದು ಕೋಣೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಣ್ಣದ ಮೇಲೆ ನೀರು ಸಿಂಪಡಿಸಿ ಒದ್ದೆ ಮಾಡಿ ಕೆರೆದರು. ಅಂಟಿಕೊಂಡಿದ್ದ ಕಿಟಕಿಯನ್ನೂ ಅವರ ಕೈಯಲ್ಲೇ ಬಿಡಿಸಿದೆವು, ಯಾಕೆಂದರೆ ಅದನ್ನು ಬಿಡಿಸುವುದೂ ಹಳೆ ಬಣ್ಣವನ್ನು ಕದಡಿದ ಹಾಗೇ. ಆಮೇಲೆ ಧೂಳಿನ ಸಣ್ಣ ಕಣವನ್ನೂ ಹಿಡಿಯುವ ವ್ಯಾಕ್ಯೂಮ್‌ನಿಂದ ಶುಚಿ ಮಾಡಿ ಹೊಸ ಬಣ್ಣ ಕೊಟ್ಟರು. ಬೇರೆ ಒಬ್ಬರು ಬಂದು ನೆಲ ಮತ್ತು ಕಿಟಕಿಯಿಂದ ಧೂಳು ಒರೆಸಿ ಪ್ರಯೋಗಾಲಯಕ್ಕೆ ಕಳಿಸಿದರು. ಫಲಿತಾಂಶ ಬರಲು ಇನ್ನೂ ಮೂರು ದಿನ. ಇಷ್ಟೆಲ್ಲ ಯಾಕೆ ಎಂದು ಮೊದಲು ಅನಿಸಿದ್ದು ನಿಜ. ಕೋಣೆಯಿಂದ ಅವರು ಕಟ್ಟಿಕೊಂಡು ಹೋದ ಚೀಲದಲ್ಲಿದ್ದ ಪುಡಿಯನ್ನು ನೋಡಿದ ಮೇಲೆ ಹಾಗೆ ಅನಿಸಲಿಲ್ಲ.

ಬೇಸ್‌ಮೆಂಟಿನಲ್ಲಿ ಇದ್ದವು

ವಾಟರ್ ಹೀಟರಿನ ಬದಿಯಲ್ಲಿ ಒಂದು ರಿಲೀಫ್ ವಾಲ್ವ್ ಇರುತ್ತದೆ. ನಮ್ಮ ಕುಕ್ಕರಿನ ಸೇಫ್ಟಿ ವಾಲ್ವ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಒಳಗಿನ ಶಾಖ 210 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ ಅಥವಾ ಒತ್ತಡ ಮಿತಿ ಮೀರಿದರೆ ತಾನೇ ತೆರೆದುಕೊಂಡು ನೀರು ಹೊರಗೆ ಬಿಡುತ್ತದೆ. ಆ ವಾಲ್ವಿಗೆ ನೆಲದ ಹತ್ತಿರದವರೆಗೆ ಇಳಿಯುವ ಒಂದು ಪೈಪ್ ಇರಬೇಕು. ನಮ್ಮಲ್ಲಿ ಪೈಪ್ ಇರಲಿಲ್ಲ. ವಾಲ್ವಿನ ಬಾಯಿ ಹಾಗೇ ಹೊರಗೆ ತೆರೆದಿತ್ತು. ವಾಲ್ವ್ ಬಿಚ್ಚಿಕೊಂಡ ಗಳಿಗೆಯಲ್ಲಿ ಯಾರಾದರೂ ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದರೆ ಕುದಿಯುವ ನೀರು ನೇರ ಮೈಮೇಲೆ. ಪ್ಲಂಬರ್ ಅರ್ಧ ಗಂಟೆಯಲ್ಲಿ ಹಾಕಿಕೊಟ್ಟರು.

ಮೆಟ್ಟಿಲು ಹನ್ನೆರಡು. ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಸಾಲಾಗಿ ನಾಲ್ಕೋ ಹೆಚ್ಚೋ ಮೆಟ್ಟಿಲು ಇದ್ದರೆ ಕಂಬಿ ಬೇಕು. ಇದನ್ನು ನನ್ನ ಗಂಡ ಒಂದು ಮಧ್ಯಾಹ್ನದಲ್ಲಿ ಮಾಡಿದರು.

ಸ್ಮೋಕ್ ಅಲಾರಂ ಮೇಲೆ ಒಂದು ಇತ್ತು, ಬೇಸ್‌ಮೆಂಟಿನಲ್ಲಿ ಇರಲಿಲ್ಲ. ಪ್ರತಿ ಅಂತಸ್ತಿನಲ್ಲೂ ಇರಬೇಕು, ಬೇಸ್‌ಮೆಂಟೂ ಅಂತಸ್ತೇ. ಮೇಲೆ ಇದ್ದದ್ದೂ ಬ್ಯಾಟರಿ ಬದಲಿಸುವ ಹಳೆ ಬಗೆಯದು. 2024ರ ಡಿಸೆಂಬರ್ 29ರಿಂದ ಇಂಥ ಮನೆಗಳಲ್ಲಿ ಕರೆಂಟಿಗೆ ಜೋಡಿಸಿದ ಅಲಾರಂ ಇರಬೇಕು, ಇಲ್ಲವೇ ಹತ್ತು ವರ್ಷ ಬರುವ, ಬಿಚ್ಚಲಾಗದ ಬ್ಯಾಟರಿಯದು ಇರಬೇಕು. ಒಗ್ಗರಣೆ ಹೊಗೆಗೆ ಕೂಗಿತು ಎಂದು ಬ್ಯಾಟರಿ ಕಿತ್ತು ಡ್ರಾಯರಿನಲ್ಲಿ ಇಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿ ಇದೆ, ನಮ್ಮ ಮನೆಗಳಲ್ಲಂತೂ ಇದೆ. ಹೊಸ ಬಗೆಯದರಲ್ಲಿ ಹಾಗೆ ಕೀಳಲು ಆಗುವುದಿಲ್ಲ. ಗ್ಯಾಸಿನ ಉಪಕರಣ ಇರುವ ಮನೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಡ ಬೇಕು. ಇಲಿನಾಯ್‌ನಲ್ಲಿ ಅದು ಮಲಗುವ ಪ್ರತಿ ಕೋಣೆಯಿಂದ 15 ಅಡಿಯೊಳಗೆ ಇರಬೇಕು. ಆ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲಿ ಇರುವವರಿಗೆ ಅಲಾರಂ ಬಿಟ್ಟರೆ ಬೇರೆ ಸೂಚನೆ ಸಿಗುವುದಿಲ್ಲ.

ಉಳಿದದ್ದು ಚಿಲ್ಲರೆ. ಒಂದು ಸಾಕೆಟ್ಟಿನ ಮುಚ್ಚಳ ಬಿರಿದಿತ್ತು. ಸಿಂಕಿನ ಪಕ್ಕದ, ಶಾಕ್ ತಪ್ಪಿಸಲು ತಾನೇ ಕರೆಂಟು ಕಡಿಯಬೇಕಾದ ಸಾಕೆಟ್ಟಿನ ಟೆಸ್ಟ್ ಗುಂಡಿ ಒತ್ತಿದರೆ ಕರೆಂಟು ಹೋಗುತ್ತಿರಲಿಲ್ಲ. ಒಂದೇ ದಿನದಲ್ಲಿ ಎಲೆಕ್ಟ್ರಿಷಿಯನ್ ಮುಗಿಸಿದರು.

ಆ ಮೂರು ವಾರ

ಫೇಲಾಯಿತು ಎಂದು ಆಕೆಗೆ ನಾನೇ ಫೋನ್ ಮಾಡಿ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: ಮತ್ತೆ ಯಾವತ್ತು ಬರುತ್ತಾರೆ?

ಅರ್ಜಿ ಕೊಟ್ಟ ದಿನದಿಂದ ಅದು ತೀರ್ಮಾನ ಆಗುವವರೆಗೆ ವೌಚರ್ ಹಿಡಿದು ಮನೆ ಹುಡುಕಲು ಕೊಟ್ಟ ಅವಧಿಯ ದಿನಗಣನೆ ನಿಲ್ಲುತ್ತದೆ. ವೌಚರಿಗೆ ಮೊದಲು ಸಿಗುವ ಅವಧಿ ಕನಿಷ್ಠ 60 ದಿನ. ಆ ದಿನಗಳು ನಮ್ಮ ರಿಪೇರಿಯಲ್ಲಿ ಕರಗುವುದಿಲ್ಲ. ಇದು ತಿಳಿದಾಗ ನನಗೆ ಸ್ವಲ್ಪ ಸಮಾಧಾನ ಆಗಿತ್ತು. ಆದರೆ ಹಳೆ ಮನೆಯ ಕರಾರಿನ ದಿನ ನಿಲ್ಲಲಿಲ್ಲ. ಜೂನ್ 30ಕ್ಕೆ ಆಕೆ ಮನೆ ಬಿಡಬೇಕಾಯಿತು. ಸಾಮಾನನ್ನೆಲ್ಲ ಬಾಡಿಗೆ ಗೋದಾಮಿನಲ್ಲಿ ಇಟ್ಟು, ತಂಗಿಯ ಮನೆಯ ಹಾಲ್‌ನಲ್ಲಿ ಮಕ್ಕಳ ಜೊತೆ ಮಲಗಿದರು. ಗೋದಾಮಿನ ಬಾಡಿಗೆ ಅವರ ಕೈಯಿಂದ. ಅಲ್ಲಿಂದ ಕೆಲಸಕ್ಕೆ ಎರಡು ಬಸ್ಸು.

ಗ್ಯಾಸ್ ಕಂಪನಿಯವರು ಮತ್ತೆ ಸಂಪರ್ಕ ಕೊಡಲು ಐದು ಕೆಲಸದ ದಿನ ತೆಗೆದುಕೊಂಡರು. ಎರಡು ತಿಂಗಳ ಬಿಲ್ಲಿನಲ್ಲಿ ನಾವು ಉಳಿಸಿದ್ದಕ್ಕಿಂತ ಆಕೆ ಗೋದಾಮಿಗೆ ಕೊಟ್ಟದ್ದು ಜಾಸ್ತಿ. ಆ ಹಣವನ್ನು ನಾವು ಆಕೆಗೆ ಹಿಂದಿರುಗಿಸಿದೆವು. ತಂಗಿಯ ಮನೆಯ ನೆಲದ ಮೇಲೆ ಕಳೆದ ರಾತ್ರಿಗಳನ್ನು ಹಿಂದಿರುಗಿಸಲು ಆಗಲಿಲ್ಲ.

ಜುಲೈ 15ಕ್ಕೆ ಎರಡನೇ ಇನ್‌ಸ್ಪೆಕ್ಷನ್. ಹೊರಗೆ ಉರಿ ಬಿಸಿಲು. ಆದರೂ ಇನ್‌ಸ್ಪೆಕ್ಟರ್ ಥರ್ಮೋಸ್ಟಾಟ್ ಏರಿಸಿ ಫರ್ನೇಸ್ ಹೊತ್ತುವುದನ್ನು ನಿಂತು ನೋಡಿದರು. ಒಲೆಯ ನಾಲ್ಕೂ ಬರ್ನರ್, ಒಳಗಿನ ಅವನ್, ಎಲ್ಲ ನಲ್ಲಿಗಳಲ್ಲೂ ಬಿಸಿನೀರು, ಪ್ರತಿ ಕಿಟಕಿ. ಧೂಳಿನ ಪರೀಕ್ಷೆಯ ವರದಿ ಕೇಳಿ ಪಡೆದರು. ಪಾಸಾಯಿತು.

ಈಗ ಮಾಡುತ್ತಿರುವುದು

ಮನೆ ಖಾಲಿ ಆದರೂ ಗ್ಯಾಸು, ಕರೆಂಟು, ನೀರು ನಿಲ್ಲಿಸುವುದಿಲ್ಲ. ಅರ್ಜಿಗೆ ಸಹಿ ಹಾಕುವ ಮೊದಲೇ ನಾವೇ ಒಮ್ಮೆ ಪರೀಕ್ಷೆ ಮಾಡುತ್ತೇವೆ. ಬೇಸ್‌ಮೆಂಟಿನಿಂದ ಶುರು, ಮೇಲಕ್ಕೆ ಬರುವುದು, ಕೊನೆಗೆ ಹೊರಗೆ ಒಂದು ಸುತ್ತು. ನೋಡಿ ಬಿಡುವುದಲ್ಲ, ಪ್ರತಿಯೊಂದನ್ನೂ ಕೈಯಲ್ಲಿ ಮುಟ್ಟಿ, ತಿರುಗಿಸಿ, ಎತ್ತಿ, ಒತ್ತಿ ನೋಡುವುದು. ಇನ್‌ಸ್ಪೆಕ್ಟರ್ ಬಳಸುವ ಪಟ್ಟಿಯನ್ನು ಹಡ್ ಇಲಾಖೆಯೇ ಎಲ್ಲರಿಗೂ ಸಿಗುವ ಹಾಗೆ ಇಟ್ಟಿದೆ. ಅದರ ನಮೂನೆ ಸಂಖ್ಯೆ 52580. ಸಾಕೆಟ್ ಟೆಸ್ಟರ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಕಡಿಮೆ ಬೆಲೆಗೆ ಸಿಗುತ್ತದೆ. ಇನ್‌ಸ್ಪೆಕ್ಷನ್‌ಗೆ ಎನ್‌ಸ್ಪೈರ್ ಎಂಬ ಹೊಸ ಮಾನದಂಡವನ್ನು ಹಡ್‌ನವರು 2023ರಲ್ಲಿ ಪ್ರಕಟಿಸಿದ್ದಾರೆ. ವೌಚರ್ ಮನೆಗಳಿಗೆ ಅದನ್ನು ಕಡ್ಡಾಯ ಮಾಡುವ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ. ನಿಮ್ಮ ಅಥಾರಿಟಿ ಯಾವುದನ್ನು ಬಳಸುತ್ತಿದೆ ಎಂದು ಮೊದಲೇ ಕೇಳಿಕೊಳ್ಳಿ.

ಒಮ್ಮೆ ಪಾಸಾದರೆ ಮುಗಿಯಲಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆಯಾದರೂ ಬರುತ್ತಾರೆ. ಬಾಡಿಗೆದಾರರು ದೂರು ಕೊಟ್ಟರೆ ನಡುವೆಯೂ ಬರುತ್ತಾರೆ. ಆಗ ಜೀವಕ್ಕೆ ಅಪಾಯ ಇರುವ ಕೊರತೆ ಸಿಕ್ಕರೆ 24 ಗಂಟೆಯೊಳಗೆ ಸರಿಮಾಡಬೇಕು, ಉಳಿದದ್ದಕ್ಕೆ 30 ದಿನ. ಮಾಲೀಕರು ಮಾಡದಿದ್ದರೆ ಅಥಾರಿಟಿ ತನ್ನ ಪಾಲು ನಿಲ್ಲಿಸುತ್ತದೆ. ಆ ಪಾಲನ್ನು ಬಾಡಿಗೆದಾರರಿಂದ ಕೇಳುವ ಹಾಗಿಲ್ಲ. ಕರಾರಿನಲ್ಲಿ ಇರುವುದಕ್ಕಿಂತ ಮೇಲೆ ಗುಟ್ಟಾಗಿ ಬಾಡಿಗೆ ತೆಗೆದುಕೊಳ್ಳುವ ಹಾಗೂ ಇಲ್ಲ. ಕೆಲವರು ಇದನ್ನು ಸಣ್ಣ ವಿಷಯ ಎಂದುಕೊಳ್ಳುತ್ತಾರೆ, ಅದು ಅಪರಾಧ.

ಮನೆಯ ಕೀಲಿ ಕೊಟ್ಟ ದಿನ ಆಕೆ ಮೊದಲು ಹೋದದ್ದು ಮಗಳ ಕೋಣೆಗೆ. ಎಲ್ಲ ತಡವಾದದ್ದು ಯಾಕೆ ಎಂದು ನಾನು ಮೊದಲೇ ಹೇಳಿದ್ದೆ. ಕಿಟಕಿಯನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದರು. ಆಮೇಲೆ ಮಗನನ್ನು ಕರೆದು, ನೀನು ಎತ್ತು ನೋಡೋಣ ಎಂದರು. ಹುಡುಗ ಎತ್ತಿದ. ಇಳಿಸಿ ಇನ್ನೊಮ್ಮೆ ಎತ್ತಲು ಹೇಳಿದರು. ರಾತ್ರಿ ಏನಾದರೂ ಆದರೆ ತಂಗಿಯನ್ನು ಇಲ್ಲಿಂದ ಹೇಗೆ ಇಳಿಸಬೇಕು, ಹೊರಗೆ ಯಾವ ಮರದ ಕೆಳಗೆ ಹೋಗಿ ನಿಂತಿರಬೇಕು ಎಂದು ಅವನಿಗೆ ತೋರಿಸಿದರು. ಪೆಟ್ಟಿಗೆಗಳು ಇನ್ನೂ ಟ್ರಕ್ಕಿನಲ್ಲೇ ಇದ್ದವು.